ವೃದ್ಧಾಶ್ರಮಕ್ಕೂ ಬೇಕು ದಿನದ ಕಿರ್ದಿ

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಾಗಲಿ, ಖಾನಾಪುರದ ಹೆಂಚಿನ ಕಾರ್ಖಾನೆಯಾಗಲಿ, ದಿನದ ಕಿರ್ದಿ ಬರೆದು ಶಿಲ್ಕು ತಾಳೆ ನೋಡದೆ ಲೆಕ್ಕ ಮುಗಿಸುವುದಿಲ್ಲ. ಅದೇ ಉದ್ಯಮಿಯು ವೃದ್ಧ ತಾಯಿಯನ್ನು ಆಶ್ರಮಕ್ಕೆ ಸೇರಿಸುವಾಗ ಕೊಠಡಿ, ಊಟ, ಮಾಸಿಕ ಶುಲ್ಕಗಳನ್ನು ವಿಚಾರಿಸುತ್ತಾನೆಯೇ ಹೊರತು, ಆಕೆಯ ಆರೋಗ್ಯದ ಕಿರ್ದಿ ಬರೆಯುವವರು ಯಾರೆಂದು ಕೇಳುವುದು ವಿರಳ. ಮಕ್ಕಳು ಪುಣೆ, ಬೆಂಗಳೂರು, ವಿದೇಶಗಳಲ್ಲಿ ನೆಲೆಸುತ್ತಿರುವ ಈ ಕಾಲದಲ್ಲಿ ಇದು ಅಲಕ್ಷಿಸತಕ್ಕ ಪ್ರಶ್ನೆಯಲ್ಲ.

ಮುಪ್ಪಿನಲ್ಲಿ ಸೋಂಕು ತಗುಲಿದರೂ ಜ್ವರ ಬಾರದಿರಬಹುದು. ಒಮ್ಮೆಲೇ ತಲೆದೋರುವ ಗೊಂದಲ, ಊಟದಲ್ಲಿ ನಿರಾಸಕ್ತಿ, ಹಗಲಿನ ಅತಿನಿದ್ರೆ, ನಡಿಗೆಯಲ್ಲಿ ತಡವರಿಕೆ ಇವೇ ಮೊದಲ ಸೂಚನೆಗಳಾಗಬಹುದು. ಇವನ್ನು ಮೊದಲು ಕಾಣುವವಳು ಸ್ನಾನ ಮಾಡಿಸಿ ಊಟ ಬಡಿಸುವ ಆಯಾ. ಆಕೆ ಕಂಡದ್ದು ಬರಹಕ್ಕಿಳಿಯದಿದ್ದರೆ ಪಾಳಿ ಬದಲಾದೊಡನೆ ಮರೆತುಹೋಗುತ್ತದೆ; ಇಲ್ಲವೇ ‘ವಯಸ್ಸಾಯಿತು’ ಎಂಬ ಮಾತಿನಲ್ಲಿ ಮುಚ್ಚಿಹೋಗುತ್ತದೆ. ಸೇರುವ ದಿನವೇ ತೂಕ, ರಕ್ತದೊತ್ತಡ, ಎಂದಿನ ಮಾತು ಮತ್ತು ನಡಿಗೆಯ ರೀತಿಯನ್ನು ದಾಖಲಿಸಬೇಕು. ಆರಂಭದ ಶಿಲ್ಕಿಲ್ಲದೆ ಏರಿಳಿತ ತಿಳಿಯುವ ಬಗೆಯೆಂತು?

ಬರೆದದ್ದು ಅಂದೇ ತಲುಪಬೇಕು. ಏನು ಬದಲಾಗಿದೆ, ಎಂದಿನಿಂದ. ಹಿಂದಿನ ಕಾಯಿಲೆ ಮತ್ತು ಔಷಧಿಗಳೇನು. ಈಗಿನ ನಾಡಿ, ಉಷ್ಣತೆ, ರಕ್ತದೊತ್ತಡವೆಷ್ಟು. ವೈದ್ಯರಿಂದ ಬೇಕಾದುದೇನು ಎಂಬ ನಾಲ್ಕು ಮಾತು ಸಾಕು. ಮನೆಯವರ ಪೈಕಿ ಸುದ್ದಿ ತಿಳಿಸಬೇಕಾದ ಒಬ್ಬರ ಹೆಸರು ಮೊದಲೇ ನಿಶ್ಚಿತವಾಗಿರಲಿ. ಮಳೆಗಾಲದಲ್ಲಿ ಖಾನಾಪುರದ ಕಾಡಂಚಿನಿಂದ ಬೆಳಗಾವಿಯ ಆಸ್ಪತ್ರೆ ತಲುಪುವುದೇ ತಡ. ಸಂಜೆ ಹೇಳಬೇಕಾದುದನ್ನು ಬೆಳಗಿನವರೆಗೆ ಇಟ್ಟುಕೊಳ್ಳಲಾಗದು. ಕನ್ನಡ, ಮರಾಠಿ ಎರಡೂ ನಡೆಯುವ ಈ ಸೀಮೆಯಲ್ಲಿ ಆಯಾ ಬಲ್ಲ ಭಾಷೆಯಲ್ಲೇ ಪುಸ್ತಕವಿರುವುದು ಲೇಸು.

ಖರ್ಚಿನ ಆಕ್ಷೇಪಣೆ ಸಹಜವೇ. ಆದರೆ ಪುಸ್ತಕ, ತೂಕದ ಯಂತ್ರ, ಥರ್ಮಾಮೀಟರ್‌ಗಳಿಗೆ ತಗಲುವುದು ಅಲ್ಪ. ಹೆಚ್ಚು ಬೀಳುವುದು ರಾತ್ರಿ ಪಾಳಿಯ ದಾದಿಯ ಸಂಬಳ. ಆದಾಯ ತೆರಿಗೆ ಕಾನೂನಿನಡಿ ನೋಂದಾಯಿತ ದತ್ತಿ ಸಂಸ್ಥೆಯ ವೃದ್ಧಾಶ್ರಮವು 60 ವರ್ಷ ತುಂಬಿದವರಿಂದ ವಸತಿ, ಊಟ, ಪಾಲನೆಗೆಂದು ತಲಾ ಮಾಸಿಕ 25,000 ರೂಪಾಯಿವರೆಗೆ ಪಡೆಯುವ ಶುಲ್ಕಕ್ಕೆ 2018ರಲ್ಲಿಯೇ ಜಿಎಸ್‌ಟಿ ವಿನಾಯಿತಿ ದೊರೆತಿದೆ. ಆದುದರಿಂದ ದಾದಿಗಾಗಿ ಶುಲ್ಕವನ್ನು ತುಸು ಏರಿಸಿದರೂ, ಈ ಮಿತಿಯೊಳಗಿರುವವರೆಗೆ ತೆರಿಗೆಯ ಹೊರೆ ಬೀಳದು. ಹೆಸರು ಕೆತ್ತಿದ ಅಮೃತಶಿಲೆಯ ಫಲಕಕ್ಕೆ ದೇಣಿಗೆ ನೀಡುವ ವರ್ತಕರು ಒಬ್ಬ ದಾದಿಯ ವರ್ಷದ ಸಂಬಳವನ್ನು ವಹಿಸಿಕೊಂಡರೆ ಉಪಕಾರ ದೊಡ್ಡದು.

2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯು ಪೋಷಣೆಯ ಹೊಣೆಯನ್ನು ಮಕ್ಕಳ ಮೇಲಿರಿಸಿದೆ. ಶುಲ್ಕದ ರಸೀದಿಯೊಡನೆ ಆ ಹೊಣೆ ತೀರಿತೆಂದು ಭಾವಿಸಲಾಗದು. ಹಣ್ಣಿನ ಬುಟ್ಟಿ ಹಿಡಿದು ಆಶ್ರಮಕ್ಕೆ ಹೋಗುವ ಮಗನು ಮುಂದಿನ ಭೇಟಿಯಲ್ಲಿ ಆ ಪುಸ್ತಕವನ್ನೊಮ್ಮೆ ತೆರೆದು ನೋಡಲಿ. ಪುಟ ಖಾಲಿಯಿದ್ದರೆ ಅಲ್ಲಿಯೇ ಕಾರಣ ಕೇಳಲಿ.