ಹೊಳಿ ಉಸುಕು ಬಿಟ್ಟಿ ಬಿದ್ದಿಲ್ಲ

ಮನಿ ಕಟ್ಟಸೂರೆಲ್ಲಾರದೂ ಒಂದ ಮಾತು, ಗಿಲಾವಕ್ಕ ಹೊಳಿ ಉಸುಕನ ಬೇಕು, ಮಷೀನಿಂದು ಬ್ಯಾಡ. ಹೊಳಿ ಬರಿದಾಗತೈತಲ್ಲ ಅಂದ್ರ, "ಮುಂದಿನ ಮಳಿಗಾಲಕ್ಕ ಮತ್ತ ತಂದು ಹಾಕತೈತಿ ಬಿಡ್ರಿ ವೈನಿ" ಅಂತಾರ. ಈ ಮಾತು ನನಗ ಒಪ್ಪಿಗಿ ಇಲ್ಲ.

ಹೊಳಿ ಕೆಲಸ ನಾವು ಅಕ್ಕಿ ಗಾಳಸಿದಂಗ ಐತಿ. ಬೋಗಾಣಿ ಓರೆ ಮಾಡಿ ನೀರು ತುಳುಕಿಸಿದ್ರ ತೌಡು ಮೊದಲ ಹೋಗತೈತಿ, ಅದರ ಹಿಂದ ಅಕ್ಕಿ, ಕಲ್ಲು ತಳದಾಗ ಉಳೀತಾವು. ಹೊಳ್ಯಾಗೂ ಸಣ್ಣ ಮಣ್ಣು ನೀರಿನ ಜೋಡಿ ತೇಲಿಕೋತ ಹೋಗತೈತಿ, ಶ್ರಾವಣದಾಗ ನೀರು ಕೆಂಪಗ ಕಾಣೂದು ಅದಕ್ಕ. ಉಸುಕು ತಳದ ಮ್ಯಾಲ ಜಿಗಕೋತ ಹೋಗತೈತಿ. ಗರಸು, ಗುಂಡಗಲ್ಲು ಉಳ್ಳಕೋತ ಹೋಗತಾವು, ಹೋಗತ ಹೋಗತ ತಿಕ್ಕಾಡಿ ಮೂಲಿ ಸವದು ದುಂಡಗಾಗತಾವು. ಅದೂ ದಿನಾ ಅಲ್ಲ. ವರ್ಷದಾಗ ಭಾಳ ದಿನ ಗರಸು ಮಿಸುಕೂದ ಇಲ್ಲ. ಹೊಳಿ ತುಂಬಿ ಬಂದ ನಾಕೆಂಟು ದಿನದಾಗ ಅದರ ಪ್ರಯಾಣ ಮುಗೀತೈತಿ.

ಅಂದ್ರ ನಮ್ಮ ದಂಡ್ಯಾಗ ಕಾಣೂ ಉಸುಕು ಮುಂದಿನ ಊರಿಗೆ ಹೊಂಟಿದ್ದು, ಅರ್ಧ ದಾರ್ಯಾಗ ಕುಂತಿದ್ದು. ಅಲ್ಲೆ ಜೆಸಿಬಿ ಹಚ್ಚಿ ತಗ್ಗು ತೋಡಿದ್ರ ಮ್ಯಾಲಿಂದ ಬಂದಿದ್ದೆಲ್ಲಾ ಆ ತಗ್ಗಿನ್ಯಾಗ ಬೀಳತೈತಿ. ಮುಂದ ಹೋಗೂ ನೀರಿನ ಕೈ ಖಾಲಿ, ಜೋರು ಮಾತ್ರ ಅಷ್ಟ ಇರತೈತಿ. ಅದು ತಳ ಕೆರೀತೈತಿ, ದಂಡಿ ಕೆಡವತೈತಿ. ತಗ್ಗಿನ ಮ್ಯಾಲಿನ ಅಂಚೂ ಕುಸಕೋತ ಕುಸಕೋತ ಹಿಂದಕ್ಕ ಸರೀತೈತಿ. ಸೇತುವಿ ಕಂಬದ ಬುಡ ಹೊರಗ ಬೀಳೂದು ಹಿಂಗ.

ಮತ್ತ ತರತೈತಿ ಅಂತೀರಲ್ಲ, ಎಲ್ಲಿಂದ ತರಬೇಕು? ನಡುವ ಡ್ಯಾಮ್ ಐತಿ. ಹೊಸಪೇಟಿ ತುಂಗಭದ್ರಾ ನೋಡ್ರಿ. 1953ರಾಗ ನೀರು ನಿಂತಾಗ ಸುಮಾರು 133 ಟಿಎಂಸಿ ಹಿಡೀತಿತ್ತು, ಹೂಳು ತುಂಬಿ ಈಗ 105ರ ಸುಮಾರಿಗೆ ಬಂದೈತಿ. ದಪ್ಪ ಉಸುಕು, ಗರಸು ಹಿನ್ನೀರು ಸುರು ಆಗೂ ಕಡೆನ ಕುಂದರತಾವು, ಸಣ್ಣ ಮಣ್ಣು ಒಳಗ ದೂರ ಬಂದು ತಳ ಹಿಡೀತೈತಿ. ಡ್ಯಾಮಿನ ಕೆಳಗಿನ ಊರಿನ್ಯಾಗ ಒಮ್ಮೆ ತಗದ ಉಸುಕು ಹಂಗ ಸುಲಭಕ್ಕ ತಿರುಗಿ ಬರೂದಿಲ್ಲ.

ನನಗ ಇದರಾಗ ಹೆಚ್ಚು ಸಂಕಟ ಆಗೂದು ವರ್ತಿದು. ಹಳ್ಳ ಬತ್ತಿದ ಮ್ಯಾಲೂ ಉಸುಕಿನ ಸಂದ್ಯಾಗ ನೀರು ಇರತಿತ್ತು, ಬಿಸಲು ಅಲ್ಲಿ ತನಕ ಇಳೀತಿರಲಿಲ್ಲ. ಮೊಳಕೈ ಆಳ ತೋಡಿ ಕುಂತ್ರ ತಿಳಿನೀರು ಜಿನುಗತಿತ್ತು, ಚರಗಿಲೆ ಕೊಡ ತುಂಬಿಸಿಕೊಂಡು ಬರತಿದ್ವಿ. ಉಸುಕು ಹೋಗಿ ಬಂಡಿಗಲ್ಲು ಎದ್ದ ಹಳ್ಳದಾಗ ಎಲ್ಲಿ ವರ್ತಿ ತೋಡತೀರಿ? ತಳ ಇಳದಂಗ ದಂಡಿ ಮ್ಯಾಲಿನ ಬಾವಿ ನೀರೂ ಕೆಳಗ ಹೋಗತೈತಿ. ಲಾರಿ ರೊಕ್ಕ ಎಣಿಸಿಕೊಂಡವ್ರು ಒಬ್ಬರು, ಟ್ಯಾಂಕರಿನ ಮುಂದ ಪಾಳೆ ಹಚ್ಚೂರು ನಾವು.

ಗುಡ್ಡಾ ಒಡದು ಉಸುಕು ಮಾಡೂದೂ ಪುಣ್ಯದ ಕೆಲಸ ಅಲ್ಲ, ಅದು ನನಗೂ ಗೊತ್ತೈತಿ. ಆದ್ರ ಹಳ್ಳದ ನೀರಿಗಿಂತ ನನ್ನ ಗ್ವಾಡಿ ನುಣುಪು ದೊಡ್ಡದಲ್ಲ. ಗಿಲಾವಕ್ಕಂತನ ಸಣ್ಣದು, ಪಿ ಸ್ಯಾಂಡ್ ಅಂತ ಸಿಗತೈತಿ. ಗೌಂಡಿಗೋಳು ಕೈಗೆ ಬರೂದಿಲ್ಲ ಅಂತ ಗೊಣಗತಾರ. ನಮ್ಮ ಹಿತ್ತಲ ಗ್ವಾಡಿ ಅದರದ ಐತಿ, ಬಂದು ಕೈಯಾಡಿಸಿ ನೋಡ್ರಿ.