‘ಬೇರೆ ಬ್ರೌಸರ್‌ನಲ್ಲಿ ಪ್ರಯತ್ನಿಸಿ’

ಐದಾರು ಪುಟಗಳ ಅರ್ಜಿಯನ್ನು ತಾಳ್ಮೆಯಿಂದ ತುಂಬಿ, ಭಾವಚಿತ್ರ ಮತ್ತು ಸಹಿಯನ್ನು ಕೇಳಿದ ಅಳತೆಗೇ ಕತ್ತರಿಸಿ ಸೇರಿಸಿ, ಕೊನೆಗೆ ‘ಸಲ್ಲಿಸಿ’ ಎಂಬ ಗುಂಡಿಯನ್ನು ಒತ್ತಿದಾಗ ಏನೂ ಆಗದಿರುವುದು ಪರದೇಶದಲ್ಲಿ ನೆಲೆಸಿದ ಕನ್ನಡಿಗರಿಗೆ ಹೊಸ ಅನುಭವವೇನಲ್ಲ. ದೋಷದ ಸಂದೇಶವೂ ಬರುವುದಿಲ್ಲ, ಪುಟವೂ ಕದಲುವುದಿಲ್ಲ. ಸಹಾಯವಾಣಿಗೆ ಕರೆ ಮಾಡಿದರೆ ಮೊದಲ ಪ್ರಶ್ನೆಯೇ ‘ಯಾವ ಬ್ರೌಸರ್?’ ಎಂಬುದು. ಉತ್ತರ ಕ್ರೋಮ್ ಅಲ್ಲದಿದ್ದರೆ ಮಾತು ಅಲ್ಲಿಗೇ ಮುಗಿಯಿತು: ‘ಕ್ರೋಮ್‌ನಲ್ಲಿ ಪ್ರಯತ್ನಿಸಿ.’

ಈ ವಾಕ್ಯ ಸಹಾಯದಂತೆ ಕೇಳಿಸಿದರೂ ವಾಸ್ತವದಲ್ಲಿ ಅದೊಂದು ತೀರ್ಪು. ಕೆಟ್ಟಿರುವುದು ಜಾಲತಾಣವಲ್ಲ, ಬಂದವರು ಹಿಡಿದು ತಂದ ಸಾಧನ ಎಂಬ ತೀರ್ಪು. ಟಿಮ್ ಬರ್ನರ್ಸ್-ಲೀ 1994ರಲ್ಲಿ ವರ್ಲ್ಡ್ ವೈಡ್ ವೆಬ್ ಕನ್ಸೋರ್ಟಿಯಂ ಕಟ್ಟಿದ್ದರ ಹಿಂದಿನ ಆಶಯ ಇದಕ್ಕೆ ವಿರುದ್ಧವಾದುದು: ನಿಯಮಗಳು ಎಲ್ಲರಿಗೂ ಒಂದೇ ಆಗಿರಲಿ, ಆ ನಿಯಮಗಳನ್ನು ಪಾಲಿಸುವ ಯಾವುದೇ ಬ್ರೌಸರ್‌ಗೆ ಯಾವುದೇ ಪುಟ ತೆರೆದುಕೊಳ್ಳಲಿ.

ದೋಷ ಹುಟ್ಟುವ ಬಗೆಯನ್ನು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ದಿನಾಂಕವನ್ನು ಬರೆಯಲು ಜಾವಾಸ್ಕ್ರಿಪ್ಟ್ ಮಾನಕದಲ್ಲಿ ಒಂದು ನಿರ್ದಿಷ್ಟ ರೂಪವಿದೆ. ಅದರಲ್ಲಿ ದಿನಾಂಕ ಮತ್ತು ವೇಳೆಯ ನಡುವೆ ‘ಟಿ’ ಎಂಬ ಇಂಗ್ಲಿಷ್ ಅಕ್ಷರವಿರಬೇಕು. ಅದರ ಬದಲು ಖಾಲಿ ಜಾಗ ಬಿಟ್ಟರೆ ಕ್ರೋಮ್ ಉದಾರವಾಗಿ ಅರ್ಥಮಾಡಿಕೊಳ್ಳುತ್ತಿತ್ತು. ಹಳೆಯ ಸಫಾರಿ ‘ಅಮಾನ್ಯ ದಿನಾಂಕ’ ಎಂದು ನಿಂತುಬಿಡುತ್ತಿತ್ತು. ಇಲ್ಲಿ ತಪ್ಪು ಜಾಲತಾಣ ಬರೆದವರದ್ದು. ಅವರು ಕ್ರೋಮ್ ಒಂದರಲ್ಲೇ ಪರೀಕ್ಷಿಸಿ ಎದ್ದುಹೋಗಿದ್ದಾರೆ. ಕೆಲವೊಮ್ಮೆ ಬ್ರೌಸರೇ ಹಿಂದೆ ಬಿದ್ದಿರುತ್ತದೆ. ಪಠ್ಯದಲ್ಲಿ ಹಿಂದಿನ ಅಕ್ಷರಗಳನ್ನು ನೋಡಿ ಹುಡುಕುವ ಒಂದು ವಿಧಾನ ಕ್ರೋಮ್‌ಗೆ 2017ರಲ್ಲೇ ಬಂದಿದ್ದರೆ, ಸಫಾರಿಗೆ ಬಂದದ್ದು 2023ರ ಮಾರ್ಚ್‌ನಲ್ಲಿ. ಆ ವಿಧಾನ ಒಂದೇ ಒಂದು ಸಾಲಿನಲ್ಲಿದ್ದರೂ ಹಳೆಯ ಸಫಾರಿ ಆ ಇಡೀ ಕಡತವನ್ನು ಓದಲು ನಿರಾಕರಿಸುತ್ತದೆ. ಬಳಸುವವರಿಗೆ ಕಾಣುವುದು ಬರಿಯ ಬಿಳಿ ಪುಟ.

ಇಂಥ ಬಿಳಿ ಪುಟದ ಮುಂದೆ ಕೂತವರಿಗೆ ‘ಕ್ರೋಮ್ ಹಾಕಿಕೊಳ್ಳಿ’ ಎನ್ನುವ ಸಲಹೆ ಎಷ್ಟು ಟೊಳ್ಳು ಎಂಬುದನ್ನು ಗಮನಿಸಬೇಕು. ಐಫೋನ್ ಮತ್ತು ಐಪ್ಯಾಡ್‌ಗಳಲ್ಲಿ ಎಲ್ಲ ಬ್ರೌಸರ್‌ಗಳೂ ಸಫಾರಿಯ ಎಂಜಿನ್ನಾದ ವೆಬ್‌ಕಿಟ್ ಅನ್ನೇ ಬಳಸಬೇಕೆಂಬುದು ಆಪಲ್ ಹೇರಿದ ನಿಯಮ. ಐರೋಪ್ಯ ಒಕ್ಕೂಟದ ಕಾನೂನಿಗೆ ಮಣಿದು 2024ರಲ್ಲಿ ಅದು ಅಲ್ಲಿನವರಿಗಷ್ಟೇ ಸಡಿಲಗೊಂಡಿತು. ಅಂದರೆ ಅಮೆರಿಕದ ಮಗ ತಾನು ಹೊಸದು ಕೊಂಡು ಶಿವಮೊಗ್ಗದ ತಾಯಿಗೆ ಕೊಟ್ಟುಬಂದ ಹಳೆಯ ಐಪ್ಯಾಡ್‌ನಲ್ಲಿ ಕ್ರೋಮ್ ಇಳಿಸಿಕೊಂಡರೂ ಬದಲಾಗುವುದು ಫಲಕ ಮಾತ್ರ, ಒಳಗಿನ ಯಂತ್ರವಲ್ಲ. ಬಿಳಿ ಪುಟ ಬಿಳಿಯಾಗಿಯೇ ಉಳಿಯುತ್ತದೆ.

ಇದಕ್ಕಿಂತ ವಿಚಿತ್ರವಾದ ಇನ್ನೊಂದು ಬಗೆಯಿದೆ. ಪ್ರತಿ ಬ್ರೌಸರ್ ಜಾಲತಾಣದ ಬಾಗಿಲಲ್ಲಿ ತನ್ನ ಹೆಸರನ್ನು ಹೇಳಿಕೊಳ್ಳುತ್ತದೆ. ಹೆಸರು ಹಿಡಿಸದಿದ್ದರೆ ಕೆಲವು ತಾಣಗಳು ಒಳಗೇ ಬಿಡುವುದಿಲ್ಲ. ಫೈರ್‌ಫಾಕ್ಸ್‌ನಲ್ಲಿ ಒಂದು ಎಕ್ಸ್‌ಟೆನ್ಷನ್ ಹಾಕಿ ‘ನಾನು ಕ್ರೋಮ್’ ಎಂದು ಸುಳ್ಳು ಹೇಳಿಸಿದ ಕೂಡಲೇ ಅದೇ ತಾಣ ಸಲೀಸಾಗಿ ನಡೆದರೆ, ಕೆಟ್ಟಿದ್ದು ಬಾಗಿಲು ಕಾಯುವವನ ಪೂರ್ವಗ್ರಹವೇ ಹೊರತು ಬೇರೇನಲ್ಲ. ಬೆಂಗಳೂರಿನಲ್ಲಿ ಬಾಡಿಗೆ ಮನೆಗಾಗಿ ಹೆಸರಿನ ಕೊನೆಯ ತುಣುಕನ್ನು ಮುಚ್ಚಿಟ್ಟವರಿಗೆ ಈ ಉಪಾಯವನ್ನು ವಿವರಿಸಿ ಹೇಳಬೇಕಿಲ್ಲ. ಈ ಸುಳ್ಳಿಗೆ ಇತಿಹಾಸವೂ ಇದೆ: ತೊಂಬತ್ತರ ದಶಕದಲ್ಲಿ ನೆಟ್‌ಸ್ಕೇಪ್‌ಗೆ ಮಾತ್ರ ಸಿಗುತ್ತಿದ್ದ ಪುಟಗಳಿಗಾಗಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ತನ್ನನ್ನು ‘ಮೊಜಿಲ್ಲಾ’ ಎಂದು ಕರೆದುಕೊಂಡಿತು. ಇಂದು ಜಗತ್ತನ್ನಾಳುವ ಕ್ರೋಮ್ ಕೂಡ ಬಾಗಿಲಲ್ಲಿ ಮೊದಲು ಉಚ್ಚರಿಸುವುದು ‘ಮೊಜಿಲ್ಲಾ’ ಎಂದೇ, ಕೊನೆಗೆ ‘ಸಫಾರಿ’ ಎಂದೂ ಸೇರಿಸುತ್ತದೆ.

ಕನ್ನಡ ಓದುಗರಿಗೆ ಈ ತಾರತಮ್ಯದ ಹಳೆಯ ನೆನಪಿದೆ. ಯುನಿಕೋಡ್ ರೂಢಿಗೆ ಬರುವ ಮುನ್ನ ಹಲವು ಕನ್ನಡ ತಾಣಗಳು ತಮ್ಮದೇ ಅಕ್ಷರವಿನ್ಯಾಸವನ್ನು ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಹೊಂದುವಂತೆ ಕಟ್ಟಿಕೊಂಡಿದ್ದವು. ಬೇರೆ ಬ್ರೌಸರ್‌ನಲ್ಲಿ ತೆರೆದರೆ ಊರಿನ ಸುದ್ದಿಯ ಜಾಗದಲ್ಲಿ ಲ್ಯಾಟಿನ್ ಲಿಪಿಯ ಕಲಸುಮೇಲೋಗರ ಕಾಣುತ್ತಿತ್ತು. ಆ ಕಾಲ ಮುಗಿಯಿತೆಂದುಕೊಳ್ಳುವುದು ಪೂರ್ತಿ ಸರಿಯಲ್ಲ. ‘ಮೈಸೂರು’ ಕಣ್ಣಿಗೆ ಮೂರು ಅಕ್ಷರ, ಕಂಪ್ಯೂಟರಿಗೆ ಆರು ಸಂಕೇತ. ಪದವನ್ನು ಕಣ್ಣಿಗೆ ಕಾಣುವಂತೆ ಬಿಡಿಸಲು ನೆರವಾಗುವ ಸೌಲಭ್ಯ ಕ್ರೋಮ್‌ಗೆ 2020ರಲ್ಲೂ ಸಫಾರಿಗೆ 2021ರಲ್ಲೂ ಬಂದಿತು. ಫೈರ್‌ಫಾಕ್ಸ್‌ನವರು 2024ರ ಏಪ್ರಿಲ್‌ವರೆಗೆ ಕಾಯಬೇಕಾಯಿತು. ಮುಕ್ತ ಜಾಲದ ಪರ ನಿಂತವರೂ ಒಪ್ಪಿಕೊಳ್ಳಬೇಕಾದ ಲೋಪ ಇದು.

ಒಂದೇ ಬ್ರೌಸರ್‌ಗೆ ಶರಣಾದ ದೇಶಕ್ಕೆ ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಕೊರಿಯಾ ಉದಾಹರಣೆ. ಅಲ್ಲಿ ತೊಂಬತ್ತರ ದಶಕದ ಕೊನೆಯಲ್ಲಿ ರೂಪಿಸಿದ ‘ಸೀಡ್’ ಎಂಬ ಗೂಢಲಿಪಿ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನ ಆಕ್ಟಿವ್‌ಎಕ್ಸ್ ತಂತ್ರಾಂಶದ ಮೂಲಕ ಬಳಕೆಗೆ ಬಂತು. ಬ್ಯಾಂಕು, ಖರೀದಿ, ಸರ್ಕಾರಿ ಸೇವೆ ಎಲ್ಲವೂ ಅದೊಂದೇ ಬ್ರೌಸರ್‌ಗೆ ಕಟ್ಟುಬಿದ್ದವು. ಜನಪ್ರಿಯ ಧಾರಾವಾಹಿಯೊಂದರ ನಾಯಕಿ ತೊಟ್ಟ ಕೋಟನ್ನು ಕೊಳ್ಳಲು ಬಯಸಿದ ಚೀನೀ ವೀಕ್ಷಕರಿಗೆ ಕೊರಿಯಾದ ತಾಣಗಳಲ್ಲಿ ಅದು ಸಾಧ್ಯವಾಗುತ್ತಿಲ್ಲವೆಂದು 2014ರಲ್ಲಿ ಸ್ವತಃ ಅಧ್ಯಕ್ಷೆ ಪಾರ್ಕ್ ಗ್ಯುನ್-ಹೆ ಬಹಿರಂಗವಾಗಿ ದೂರಬೇಕಾಯಿತು. ಅಧಿಕೃತ ಪ್ರಮಾಣಪತ್ರದ ಹಳೆಯ ವ್ಯವಸ್ಥೆ ಕಾನೂನಿನಿಂದ ತೊಲಗಿದ್ದು 2020ರ ಡಿಸೆಂಬರ್‌ನಲ್ಲಿ. ಸಾಮಾನ್ಯ ನಾಗರಿಕರ ತೊಂದರೆಗಿಂತ ಒಂದು ಕೋಟಿನ ವ್ಯಾಪಾರ ಅಧಿಕಾರದ ಕಿವಿಗೆ ಬೇಗ ತಲುಪಿತೆಂಬುದು ಬೇರೆ ಮಾತು.

ಎಲ್ಲ ಬ್ರೌಸರ್‌ಗಳಲ್ಲೂ ಪರೀಕ್ಷಿಸಲು ಹಣವಿಲ್ಲ ಎಂಬುದು ಸಂಸ್ಥೆಗಳ ವಾದ. ಆದರೆ ಎಡ್ಜ್, ಒಪೆರಾ, ಬ್ರೇವ್ ಎಲ್ಲವೂ ಕ್ರೋಮ್‌ನ ಎಂಜಿನ್ನಿನ ಮೇಲೆಯೇ ನಡೆಯುವುದರಿಂದ ಈಗ ಉಳಿದಿರುವ ಮುಖ್ಯ ಎಂಜಿನ್‌ಗಳು ಮೂರೇ. ಮೂರನ್ನು ಪರೀಕ್ಷಿಸುವುದು ದುಬಾರಿಯಲ್ಲ. ಭಾರತದ ಸರ್ಕಾರಿ ಜಾಲತಾಣಗಳಿಗಾಗಿ ಎನ್‌ಐಸಿ 2009ರಲ್ಲೇ ಪ್ರಕಟಿಸಿದ ಮಾರ್ಗಸೂಚಿ ಹಲವು ಬ್ರೌಸರ್‌ಗಳಲ್ಲಿ ಪರೀಕ್ಷೆ ನಡೆಸಬೇಕೆಂದು ಹೇಳುತ್ತದೆ.

ದೋಷದ ಮೂಲವನ್ನು ಪತ್ತೆಹಚ್ಚಲು ಬಳಸುವವರಿಗೂ ಹತ್ತು ನಿಮಿಷ ಸಾಕು. ಮೊದಲು ಅದೇ ಬ್ರೌಸರ್‌ನ ಖಾಸಗಿ ಕಿಟಕಿಯಲ್ಲಿ ಪುಟವನ್ನು ತೆರೆಯಬೇಕು. ಅಲ್ಲಿ ಸರಿಯಿದ್ದರೆ ಸಂಶಯ ಹಳೆಯ ಕುಕಿಗಳ ಮೇಲೆ ಅಥವಾ ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ ಮೇಲೆ ಹೋಗಬೇಕು. ಹಣ ಪಾವತಿಯ ಹಂತದಲ್ಲಿ ಮಾತ್ರ ಸಫಾರಿ ಕೈಕೊಟ್ಟರೆ, 2020ರಿಂದ ಅದು ಹೊರಗಿನ ತಾಣಗಳ ಕುಕಿಗಳನ್ನು ಪೂರ್ತಿ ತಡೆಯುತ್ತಿರುವುದನ್ನು ನೆನೆಯಬೇಕು. ಆ ರಕ್ಷಣೆಯನ್ನು ಕಳಚಿಡಿ ಎಂದು ಸಹಾಯವಾಣಿ ಹೇಳಿದರೆ, ಅರ್ಜಿಯ ಶುಲ್ಕದ ಜೊತೆಗೆ ಖಾಸಗಿತನವನ್ನೂ ಕೇಳಿದಂತಾಯಿತು. ಖಾಸಗಿ ಕಿಟಕಿಯಲ್ಲೂ ದೋಷ ಉಳಿದರೆ ಗಣಕದಲ್ಲಿ ಎಫ್-12 ಕೀಲಿ ಒತ್ತಿ, ಕನ್ಸೋಲ್ ಎಂಬ ಭಾಗದಲ್ಲಿ ಕೆಂಪಾಗಿ ಕಾಣುವ ಮೊದಲ ಸಾಲನ್ನು ನಕಲು ಮಾಡಿಕೊಳ್ಳಬೇಕು. ಯಾವ ಕಡತದ ಎಷ್ಟನೆಯ ಸಾಲಿನಲ್ಲಿ ಪುಟ ಮುಗ್ಗರಿಸಿತು ಎಂಬುದು ಬಹುಮಟ್ಟಿಗೆ ಅಲ್ಲಿರುತ್ತದೆ. ಬ್ರೌಸರ್‌ನ ಆವೃತ್ತಿಯೊಂದಿಗೆ ಆ ಸಾಲನ್ನು ಲಿಖಿತ ದೂರಿನಲ್ಲಿ ಸೇರಿಸಿದ ಮೇಲೆ ‘ಕ್ರೋಮ್‌ನಲ್ಲಿ ಪ್ರಯತ್ನಿಸಿ’ ಎಂಬ ಉತ್ತರ ಬಂದರೆ, ಅದನ್ನೂ ಬರಹದಲ್ಲೇ ಕೊಡುವಂತೆ ಕೇಳಬಹುದು.