ಮಗುವಿನ ಕೈಗೊಂದು ಕ್ಯಾಮೆರಾ

ಮಗಳಿಗೆ ಡಿಜಿಟಲ್ ಕ್ಯಾಮೆರಾ ಕೊಡಿಸಲು ರಾಜಾಜಿನಗರದ ಅಂಗಡಿಗೆ ಹೋದ ತಂದೆ-ತಾಯಿ ಮೊದಲು ಕೇಳುವುದು, 'ಎಷ್ಟು ಮೆಗಾಪಿಕ್ಸೆಲ್?' ಎಂದು. ಒಂದು ಮೆಗಾಪಿಕ್ಸೆಲ್ ಎಂದರೆ 10 ಲಕ್ಷ ಚುಕ್ಕೆಗಳು. 1975ರಲ್ಲಿ ಕೊಡಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ತಯಾರಿಸಿದ ಮೊದಲ ಡಿಜಿಟಲ್ ಕ್ಯಾಮೆರಾದಲ್ಲಿ ಇದ್ದುದು ಬರೀ 10 ಸಾವಿರ ಚುಕ್ಕೆ. ಆಲ್ಬಮ್ಮಿನ 4 ಅಂಗುಲ ಅಗಲ, 6 ಅಂಗುಲ ಉದ್ದದ ಪ್ರಿಂಟಿಗೆ, ಅಂಗುಲಕ್ಕೆ 300 ಚುಕ್ಕೆಯಂತೆ ಗುಣಿಸಿ ನೋಡಿ: 21.6 ಲಕ್ಷ. ಎರಡು ಮೆಗಾಪಿಕ್ಸೆಲ್‌ಗಿಂತ ತುಸು ಹೆಚ್ಚು, ಅಷ್ಟೆ!

ಹಾಗಾದರೆ ನೋಡಬೇಕಾದ್ದೇನು? ಬೆಳಕು ಹಿಡಿಯುವ ಸೆನ್ಸರ್‌ನ ಅಳತೆ. ಮಳೆಯಲ್ಲಿಟ್ಟ ಅಗಲ ಪಾತ್ರೆಗೆ ಹೆಚ್ಚು ನೀರು ಬೀಳುವಂತೆ, ದೊಡ್ಡ ಸೆನ್ಸರ್‌ಗೆ ಹೆಚ್ಚು ಬೆಳಕು. ಜೂಮ್ ಆಪ್ಟಿಕಲ್ ಆಗಿರಲಿ. ಅದು ಮಸೂರಗಳನ್ನು ಸರಿಸಿ ದೂರದ್ದನ್ನು ದೊಡ್ಡದಾಗಿ ತೋರಿಸುತ್ತದೆ. ಡಿಜಿಟಲ್ ಜೂಮ್ ಇದ್ದ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸುತ್ತದೆ. ಅಂಗಡಿಯ ಮಬ್ಬು ಮೂಲೆಯಲ್ಲಿ ಮಗುವಿನಿಂದಲೇ ಒಂದು ಚಿತ್ರ ತೆಗೆಸಿ. ಪುಟ್ಟ ಕೈಗೆ ಹಿಡಿತ ಸಿಗುತ್ತದೆಯೇ ಎಂಬುದೂ ತಿಳಿಯುತ್ತದೆ.

ಕೊಂಡ ಮೇಲೆ ಬೀರುವಿನಲ್ಲಿ ಬೀಗ ಹಾಕಿಡಬೇಡಿ. ಪಟ್ಟಿ ಕಟ್ಟಿ ಮಗುವಿನ ಕೊರಳಿಗೆ ಹಾಕಿ, ಕೆಂಗೇರಿ ಕೆರೆಯ ಕಡೆ ಕರೆದೊಯ್ಯಿರಿ. ಹತ್ತು ಚಿತ್ರ ಕೆಟ್ಟರೂ ರೀಲಿನ ಖರ್ಚಿಲ್ಲ. ಹನ್ನೊಂದನೆಯದು ಏಕೆ ಚೆನ್ನಾಗಿ ಬಂತೆಂದು ಮಗುವನ್ನೇ ಕೇಳಿ. ಪಾಠ ಅಲ್ಲಿಂದಲೇ ಶುರು.